ಜರಾ ಸರೀರಿ

ಹೋಗ್ಲಿ ಬಿಡು, ಹೋಗಬೇಕಾಗಿತ್ತು, ಅಂದ ಖಾಜಾ,
ಚಹಾದ ಬೋಗುಣಿ ಕೆಳಗಿನ ಉರಿ ಸಣ್ಣ ಮಾಡಿ.
ಮೂರು ವರ್ಷದಿಂದ ನಾವೂ ಇದನ್ನೇ ಅನ್ಲತ್ತೀವಿ,
ವಾಡಿ ಜಂಕ್ಷನ್ನಿನ ರೇಲ್ವೆ ಕೋರ್ಟಿನ ಬಾಜೂಕ
ಕಾದ ಶಹಾಬಾದಿ ಫರಸಿ ಮ್ಯಾಲ
ಟಾವೆಲ್ ಹಾಸಿ ಕುಂತು:
ಯಲ್ಲಾಲಿಂಗಗ ವಯಸ್ಸಾತು.
ಜಿಗಿದರ ನೆಲ ಬಿಡೂದಿಲ್ಲ.
ಇಳಿದರ ಅವನ ಮೊಣಕಾಲು ನಮಗ ಕೇಳಸ್ತದ.

ನಾಳೆ ಆಟ ಬಿಡ್ತಾನಂತ ಬೋರ್ಡಿಗೆ ಚೀಟಿ ಅಂಟಿಸ್ಯಾರ.
ಇವತ್ತು ಖಾಜಾನ ಚಹಾಕ್ಕ ಸಕ್ರಿ ಬಿದ್ದಿಲ್ಲ.
ಬಿದ್ದಿಲ್ಲಂತ ಯಾರೂ ಅನ್ಲಿಲ್ಲ.

ಖರೇ ಹೇಳಬೇಕಂದ್ರ
ಅವನಿಗೆ ಬೈದಷ್ಟು ನಮ್ಮ ಮಕ್ಕಳಿಗೂ ಬೈದಿಲ್ಲ.
ಸೋಲಾಪುರದವರ ಕೂಡ ಫೈನಲ್,
ಒಂದು ಪಾಯಿಂಟು ಹಿಂದ, ಎರಡು ಫ್ರೀ ಥ್ರೋ,
ಎರಡೂ ರಿಂಗಿಗೆ ಬಡದು ಹೊರಗ.
ಆ ರಾತ್ರಿ ಪಾರ್ಸಲ್ ಆಫೀಸಿನ ಪ್ರಭುದಾಸ
ಅವನ ಸೈಕಲ್ಲಿನ ಗಾಳಿ ಬಿಟ್ಟ.
ಮುಂಜಾನೆ ತಾನೇ ಪಂಪು ಒಯ್ದು ಕೊಟ್ಟ.

ಗುಂತಕಲ್ಲಿಗೆ ಬದ್ಲಿ ಮಾಡಿಸ್ಕೊಂಡು ಹೋದಾಗ
ನಮಕ್‌ಹರಾಮ್ ಅಂದೀವಿ.
ಎರಡು ವರ್ಷಕ್ಕ ತಿರುಗಿ ಬಂದಾಗ
ಅಲ್ಲಿ ಯಾರೂ ಕೇಳಲಿಲ್ಲ, ಅದಕ್ಕ ಬಂದಾನ ಅಂದೀವಿ.
ಅಂದು, ನಾಕಕ್ಕೇ ಹೋಗಿ ಜಾಗಾ ಹಿಡಿದು ಕುಂತೀವಿ.

ಯಾಕಂದ್ರ ಅವನ ಎಡಗೈ ಇತ್ತಲ್ಲ,
ರಿಂಗಿಗೆ ಬೆನ್ನು ಮಾಡಿ, ಹೊಳ್ಳಿ ನೋಡದ
ಚೆಂಡು ತಲಿ ಮ್ಯಾಲಿಂದ ಬಿಡತಿದ್ದ,
ಪಾರಿವಾಳ ಸಾಕಿದವ ಕೈ ಬಿಟ್ಟಂಗ,
ಮನಿಗೆ ಬರ್ತದ ಬಿಡು, ಅಂತ.
ನೆಟ್ಟು ಸುಯ್ ಅನ್ನೂತನಕ
ಮೂರನೇ ಲೈನಿನ ಮಾಲಗಾಡಿ ಸುದ್ದ
ಉಸಿರು ಹಿಡಕೊಂಡಿರತಿತ್ತು.

ಮರುದಿನ ಶಾಲು, ಹಾರ, ಬಾಳಿಹಣ್ಣು.
ಇಪ್ಪತ್ತೆರಡು ವರ್ಷದ ಸೇವಾ, ಅಂದ್ರು ಸ್ಟೇಷನ್ ಮಾಸ್ತರರು.
ಇಪ್ಪತ್ತು! ಕೆಳಗಿಂದ ಖಾಜಾ ಒದರಿದ,
ಗುಂತಕಲ್ಲಿಂದು ಎರಡು ಕಳೀರಿ.
ಯಲ್ಲಾಲಿಂಗ ನಕ್ಕ. ಹಾರ ತೆಗೆದ.
ಕಡೀಗೊಂದು ಹಾಕು, ಅಂದ್ರು ಎಲ್ಲಾರೂ.
ಚೆಂಡಿನ ಮ್ಯಾಲಿನ ಸಿಮೆಂಟಿನ ಧೂಳ ಅಂಗೈಲೆ ಒರಸಿದ,
ಒರಸಿದ,
ಹಾಕಲಿಲ್ಲ.
ಭೀಮಾಶಂಕರನ ಕೈಯಾಗ ಇಟ್ಟ,
ಮೂರು ವರ್ಷ ಬೆಂಚಿನ ಮ್ಯಾಲ
ಮಂದಿ ನೀರಿನ ಬಾಟ್ಲಿ ಕಾದ ಹುಡುಗ.

ಅದು ದೊಡ್ಡತನೋ, ತಪ್ಪೀತು ಅನ್ನೂ ಅಂಜಿಕೆಯೋ,
ಗೇಟಿನ ತನಕ ಜಗಳಾಡೀವಿ.
ತಪ್ಪಿದ್ರೂ ನಡೀತಿತ್ತಲ್ಲೋ ಮಾರಾಯ.
ನಾಕು ಮಂದಿ ಕೂಡಿ ಬೈದು
ಹಗುರಾಗಿ ಮನಿಗೆ ಹೋಗ್ತಿದ್ವಿ.
ಈಗ ಬಾಯಾಗಿಂದು ಎಲ್ಲಿ ಉಗುಳೂದು?
ಅವ ಆಡೂತನಕ
ನಮಗೂ ನಲವತ್ತು ದಾಟಿದ್ದಿಲ್ಲ.

ಸೋಮವಾರ ಐದೂವರಿಗೆ ಹೊಸ ಟೀಮು ಇಳೀತು.
ಹಿಂದ ಚಪ್ಪಲ್ಲಿನ ಸಪ್ಪಳ.
ಅವ ಚಪ್ಪಲ್ ಮೆಟ್ಟಿದ್ದು ನಾವು ನೋಡೇ ಇದ್ದಿಲ್ಲ.
ಜರಾ ಸರೀರಿ, ಅಂದ.
ಸರಿದ್ವಿ.
ಇಷ್ಟೊತ್ತು ನಾ ಕುಂತು ತಂಪು ಮಾಡಿದ್ದ ಫರಸಿ ಅವನ ಪಾಲಾತು,
ನನಗ ಬಿಸಿಲಿಂದು.

ಭೀಮಾಶಂಕರ ಹಾಕಿದ್ದು ಬೋರ್ಡಿನ ಆಚಿಗೆ ಹೋತು.
ಕಣ್ಣು ಖಾಜಾನ ಬೋಗುಣ್ಯಾಗ ಇಟ್ಟು ಬಂದೀಯೇನಲೇ!
ದನಿ ಯಲ್ಲಾಲಿಂಗಂದು.
ಮಾತು ನಮ್ಮದು.
ಸೋಲಾಪುರದ ರಾತ್ರಿ ಅವನಿಗೇ ಅಂದಿದ್ದು,
ಒಂದಕ್ಷರ ಹೆಚ್ಚುಕಮ್ಮಿ ಇಲ್ಲ.

ಯಾರೂ ನಗಲಿಲ್ಲ.
ಪ್ರಭುದಾಸ ಎದ್ದು ಅವನಿಗೊಂದು ಚಹಾ ಹೇಳಿದ.
ಸಕ್ರಿ ಹಾಕಪಾ, ಅಂದ.