ನೀರುಕುಡುಕರ ಮನೆತನ

ದಿನಕ್ಕೆ ಆರು ಸಲ ಗುಹೆಯ ಬಾಯಲ್ಲಿ ನಿಂತು
ಇದೊಂದು ಮಾತು ಹೇಳುತ್ತೇನೆ:
ನೀವು ಪಾಠದಲ್ಲಿ ಓದಿದ ಕಾರ್ಸ್ಟ್
ಎಲ್ಲಿಂದಲೋ ಬಂದದ್ದಲ್ಲ, ಈ ದಿಬ್ಬದ ಹೆಸರು.
ನಾವು ಕ್ರಾಸ್ ಅನ್ನುತ್ತೇವೆ,
ಕೆಳಗೆ ಕಡಲ ಬದಿಯವರು ಕಾರ್ಸೊ.
ವಿಯೆನ್ನಾದಿಂದ ಸರಪಳಿ ಹಿಡಿದು ಅಳೆಯಲು ಬಂದವರಿಗೆ
ನಾಲಿಗೆಯ ತುದಿಯಲ್ಲಿ ಒಂದು ಟಕಾರ ಹೆಚ್ಚಾಯಿತು,
ಅದೇ ಅಚ್ಚಾಯಿತು.

ತಲೆ ಎಣಿಸಿ, ಕಬ್ಬಿಣದ ಗೇಟು ತೆಗೆಯುವಾಗ
ಹಿಂದಿನಿಂದ ಯಾರೋ ಕೇಳುತ್ತಾರೆ: ಅರ್ಥ?
ಕರ್ ಎಂದರೆ ಕಲ್ಲು ಎಂದಿದ್ದರಂತೆ
ನಮಗೂ ಮೊದಲು, ರೋಮಿನವರಿಗೂ ಮೊದಲು,
ಲಿಪಿಯಿಲ್ಲದ ಯಾರೋ.
ಅವರ ಇಡೀ ಭಾಷೆಯಲ್ಲಿ ಉಳಿದದ್ದು
ಈ ಒಂದು ಕಲ್ಲು.
ಅದೂ ಊಹೆ.

ಸೋದರತ್ತೆ ಅಲ್ಬೀನಾ ಇದನ್ನೆಲ್ಲ ನಂಬುತ್ತಿರಲಿಲ್ಲ.
ಕ್ರಾಸ್ ಅಂದರೆ, ಸನಿಕೆ ಹಾಕಿದಲ್ಲಿ
ಟಣ್ ಅನ್ನುವುದು. ಅಷ್ಟೆ.

ಇಲ್ಲಿ ಮಳೆ ಬೀಳುತ್ತದೆ, ಹರಿಯುವುದಿಲ್ಲ.
ಬಿದ್ದಲ್ಲೇ ಬಿರುಕು ಹುಡುಕಿ ಇಳಿದುಹೋಗುತ್ತದೆ.
ಮಾಡಿಗೂ ಕಲ್ಲಿನ ಚಪ್ಪಡಿ, ಅದರಂಚಿಗೆ ಕಲ್ಲಿನ ದೋಣಿ,
ಅಂಗಳದ ತೊಟ್ಟಿಗೆ ಬಂದ ಒಂದೊಂದು ಬಿಂದಿಗೆಗೂ ಲೆಕ್ಕ.
ಇಂಥಲ್ಲಿ ನಮ್ಮ ಮನೆತನದ ಹೆಸರು ವೊದೊಪಿವೆತ್ಸ್:
ನೀರುಕುಡುಕ.
ಯಾವ ಮುತ್ತಾತನನ್ನು ಯಾರು ಅಣಕಿಸಿದ್ದೋ,
ವೈನಿಗೆ ಕಾಸಿಲ್ಲದವನೆಂದೋ,
ನೆರೆಮನೆಯ ತೊಟ್ಟಿಗೆ ರಾತ್ರಿ ಬಗ್ಗಿದವನೆಂದೋ.

ಅಲ್ಬೀನಾಗೆ ಆಗ ಏಳು ವರ್ಷ. ರೋಮಿನ ಸರಕಾರ.
ಹೊಸ ಮೇಷ್ಟ್ರು ಹಾಜರಿ ಪುಸ್ತಕದಲ್ಲಿ
ಅಡ್ಡಗೆರೆ ಎಳೆದು ಮೇಲೆ ಬರೆದರು:
ಬೆವಿಲಾಕ್ವಾ.
ಅರ್ಥ ಅದೇ ಮಗೂ, ನಷ್ಟವೇನಿಲ್ಲ, ಎಂದರಂತೆ.
ಅದೇ ನೀರು, ಅದೇ ಕುಡಿತ.
ಮೂರು ದಿನ ಹೆಸರು ಕೂಗಿದಾಗ
ಅವಳು ಹಿಂದಿರುಗಿ ನೋಡಿದಳು, ಆ ಹುಡುಗಿ ಯಾರೆಂದು.
ನಾಲ್ಕನೆಯ ದಿನ
ಬೆತ್ತ ಪರಿಚಯ ಮಾಡಿಸಿತು.

ನಮ್ಮ ಹೊಳೆಯ ಹೆಸರು ರೆಕಾ.
ಅಂದರೆ ಹೊಳೆ. ಇರುವುದೇ ಒಂದು, ಬೇರೆ ಹೆಸರೇಕೆ?
ಅದು ಶ್ಕೋತ್ಸ್ಯಾನಿನ ಬಂಡೆಯಡಿಗೆ ನುಗ್ಗಿ
ಎಂಟು ಹರದಾರಿ ಕತ್ತಲಲ್ಲಿ ನಡೆದು
ಕಡಲ ಹತ್ತಿರ ಏಳುತ್ತದೆ, ತಿಮಾವೊ ಆಗಿ.
ಎರಡೂ ಒಂದೇ ಎಂದು ತೋರಿಸಲು
ಈಜುರೆಕ್ಕೆಗೆ ಗುರುತು ಮಾಡಿದ ಹಾವುಮೀನು ಬಿಟ್ಟು
ಆಚೆ ಬದಿಯಲ್ಲಿ ಬುಟ್ಟಿ ಹಿಡಿದು
ತಿಂಗಳುಗಟ್ಟಲೆ ಕಾದರಂತೆ.
ಹೊಳೆಯ ಮೇಲೆ ಯಾರೂ ಬೆತ್ತ ಎತ್ತಲಿಲ್ಲ.

ದೊಲಿನಾ ಎಲ್ಲಿ, ತೋರಿಸು, ಅನ್ನುತ್ತಾರೆ ಬಂದವರು.
ಪುಸ್ತಕದಲ್ಲಿ ಅದು ನೆಲ ತಗ್ಗಿ ಆದ ಬಟ್ಟಲು,
ನಮ್ಮ ಮಾತಿನಲ್ಲಿ ಕಣಿವೆ, ಯಾವ ಕಣಿವೆಯಾದರೂ.
ಅಲ್ಬೀನಾಗೆ ಮಾತ್ರ ಮನೆಯ ಹಿಂದಿನದೊಂದೇ:
ಬುರ್ಯಾ ಗಾಳಿ ಮೇಲೆ ಊಳಿಟ್ಟು ಹೋಗುವಾಗ
ತಳದಲ್ಲಿ ಮೊಣಕಾಲಷ್ಟು ಕೆಂಪು ಮಣ್ಣು,
ಹನ್ನೊಂದು ಸಾಲು ಆಲೂಗಡ್ಡೆ,
ಸುತ್ತ ಅವಳಪ್ಪ ದ್ರೇಯ್ತ್ಸ್ ಆರಿಸಿ ಪೇರಿಸಿದ ಗೋಡೆ.
ಒಮ್ಮೆ ಗ್ರಾತ್ಸ್‌ನ ವಿದ್ವಾಂಸನೊಬ್ಬ ಅಂಚಿನಲ್ಲಿ ನಿಂತು
ಆಳ ಬರೆದುಕೊಂಡ: ಒಂಬತ್ತು ಮೀಟರು.
ಇವಳು ಕೆಳಗಿನಿಂದ ಕೂಗಿದಳು,
ಇದನ್ನೂ ಬರೆದುಕೋ, ಈ ಸಲ ಗೆಡ್ಡೆ ಸಣ್ಣದು.

ಯುದ್ಧ ಮುಗಿದು ಗಡಿ ಮತ್ತೊಮ್ಮೆ ಸರಿದಾಗ
ಹೆಸರು ವಾಪಸು ಕೊಡುತ್ತಾರೆಂದು ಸೆಜಾನಾಕ್ಕೆ ನಡೆದಳು.
ಗುಮಾಸ್ತ ಒಂದಕ್ಷರ ತಪ್ಪಿಸಿ ಬರೆದ.
ಇರಲಿ ಬಿಡು, ಅಂದಳು. ಕಲ್ಲು ಕೊರೆಯುವವನು
ಕೊನೆಗೆ ಸರಿ ಮಾಡಿದ.

ಗುಹೆಯ ನಡುವಿನಲ್ಲಿ ಒಂದು ನಿಮಿಷ ದೀಪ ಆರಿಸುತ್ತೇನೆ.
ಅದು ನನ್ನ ಕೆಲಸದ ಭಾಗ.
ಹೊರಗೆ ನಡುಹಗಲು, ಒಳಗೆ ಯಾವಾಗಲೂ
ಕಲ್ಲು ನೀರು ಕರಗುವ ಹೊತ್ತು.
ಯಾರೋ ಕೆಮ್ಮುತ್ತಾರೆ. ಮಗುವೊಂದು ಕೈ ಹುಡುಕುತ್ತದೆ.
ಕತ್ತಲಲ್ಲಿ ಇಟಲಿಯ ಮುದುಕಿಯೊಬ್ಬಳು ಕೇಳಿದಳು:
ನಿನ್ನ ಹೆಸರೇನಪ್ಪ?
ಅವಳಿಗೆ ತಿಳಿಯುವ ಭಾಷೆಯಲ್ಲೇ ಹೇಳಿದೆ.
ನಕ್ಕಳು.
ಮೇಲಿನಿಂದ ಹನಿಯೊಂದು ಬೆರಳಿಗೆ ಬಿತ್ತು,
ಯಾರಿಗೂ ಕಾಣದ ಹಾಗೆ
ನಾಲಿಗೆಗೆ ಇಟ್ಟುಕೊಂಡೆ:
ಸುಣ್ಣದ ರುಚಿ.