ಎಂಟರಲ್ಲೊಂದು

ಮಂಡಿಪೇಟೆಯ ಹಿಂದೆ, ನಿಂತುಹೋದ ಅಕ್ಕಿಗಿರಣಿಯ ಅಂಗಳದಲ್ಲಿ
ಹುಣಸೆಮರಕ್ಕೆ ಬೆನ್ನು ಕೊಟ್ಟು ನಿಂತಿತ್ತು ಅದು,
ಒಂದೇ ಸಿಲಿಂಡರಿನ ಜರ್ಮನಿ ಟ್ರ್ಯಾಕ್ಟರು.
ಮೂತಿಗೆ ಬುರುಡೆಯಂಥ ಕಬ್ಬಿಣದ ಗುಂಡು,
ಹೊಗೆಕೊಳವೆಯೊಳಗೆ ಇಣಚಿಯ ಸಂಸಾರ.
ಚೀಲದಿಂದ ದರ್ಜಿಯ ಟೇಪು ತೆಗೆದು
ಸುತ್ತಳತೆ ಹಿಡಿಯುತ್ತಿದ್ದೆ.
ಗಿರಣಿಯ ಗುಮಾಸ್ತ ಪಂಚಾಕ್ಷರಯ್ಯ
ಎಲೆಯಡಿಕೆ ಒಂದು ದವಡೆಗೆ ಸರಿಸಿ ಕೇಳಿದ:
“ಏನು ವಾಚಮ್ಮಾ, ರವಿಕೆ ಹೊಲಿಸ್ತೀಯಾ ಇದಕ್ಕೆ?”
“ಹ್ಞೂಂ” ಅಂದೆ. “ತೋಳು ಹೇಳಿ, ಗಿಡ್ಡವೋ ಉದ್ದವೋ.”

ವಾಚಮ್ಮ. ಹೆಸರು ಪುಟ್ಟನರಸಮ್ಮ ಅಂತ
ಪಡಿತರ ಚೀಟಿಗೆ ಮಾತ್ರ ಗೊತ್ತು.
ಇಪ್ಪತ್ತೊಂಬತ್ತು ವರ್ಷ ಗಡಿಯಾರದ ಫ್ಯಾಕ್ಟರಿಯಲ್ಲಿ
ಕೂದಲಿಗಿಂತ ತೆಳುವಾದ ಸುರುಳಿಯನ್ನು
ಚಿಮಟದ ತುದಿಯಲ್ಲಿ ಹಿಡಿದು ಕೂರಿಸಿದವಳು.
ಅಲ್ಲಿ ಸೀನುವುದು ತಪ್ಪು, ನಿಟ್ಟುಸಿರೂ ತಪ್ಪು:
ಒಂದು ಉಸಿರಿಗೆ ನಾಲ್ಕು ಸ್ಕ್ರೂ ಹಾರಿ
ಇಡೀ ಸಾಲು ಮಂಡಿಯೂರಿ ಹುಡುಕಬೇಕು.
ಫ್ಯಾಕ್ಟರಿಗೆ ಬೀಗ ಬಿದ್ದಮೇಲೆ
ಒಂದು ಆಸೆ ಹುಟ್ಟಿತು, ಯಾರಿಗೂ ಹೇಳಲಿಲ್ಲ:
ಈ ಕೈಯಿಂದ ಆದದ್ದು ಒಂದಾದರೂ
ಕೆಮ್ಮಬೇಕು, ಹೊಗೆ ಬಿಡಬೇಕು, ಬೀದಿಗೆ ಕೇಳಬೇಕು.

ಎಲ್ಲವನ್ನೂ ಎಂಟರಿಂದ ಭಾಗಿಸಿದೆ,
ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ.
ಚಕ್ರ, ಅಚ್ಚು, ಹಲ್ಲುಗಾಲಿಯ ಒಂದೊಂದು ಹಲ್ಲು.
ಕೂರುವವನ ಕುಂಡೆಗೆ ಬಗ್ಗಿದ ತಗಡಿನ ಸೀಟು
ಉಪ್ಪಿನಕಾಯಿ ಬಟ್ಟಲಷ್ಟಾಯಿತು.

ಅಂತರಸನಹಳ್ಳಿಯ ಶೆಡ್ಡಿನಲ್ಲಿ ದಸ್ತಗೀರ್ ಸಾಬರ ಲೇತು.
ಕರೆಂಟು ಬಂದಾಗ ಕೆಲಸ, ಹೋದಾಗ ಮಾತು.
ನನ್ನ ತೂತು ಕೊಳದಪ್ಪಲೆ ಕರಗಿ ಎಣ್ಣೆಪಂಪಾಯಿತು.
ಮೊದಲ ಪಿಸ್ಟನ್ನು ಸಡಿಲ, ಎರಡನೆಯದು ಬಿಗಿ,
ಮೂರನೆಯದನ್ನು ಬೆಕ್ಕು ಎಳೆದುಕೊಂಡು ಹೋಗಿ ಎಲ್ಲಿಟ್ಟಿತೋ.
ಆರು ತಿಂಗಳು ಕಳೆದವು ಒಂದು ಎಣ್ಣೆಹನಿಯ ಹಿಂದೆ.
“ನೋಡೀಮ್ಮಾ,” ಅಂದರು ಸಾಬರು,
“ಕಬ್ಬಿಣ ನಿಮ್ಮ ಲೆಕ್ಕ ಕೇಳುತ್ತೆ. ಹನಿ ಕೇಳಲ್ಲ.
ಬೆಂಕಿಗಂತೂ ಮಗ್ಗಿ ಬರೋದೇ ಇಲ್ಲ.”

ನಿಜ. ಎಂಜಿನ್ನು ಚಿಕ್ಕದಾಯಿತೆಂದು
ಡೀಸೆಲ್ಲಿಗೆ ಯಾರು ಹೇಳಬೇಕು?
ಕೊನೆಗೆ ಬಿಚ್ಚಿದೆ ಹಳೆಯ ಡಬ್ಬಿ,
ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಚಿಮಟ, ಕೊರೆಯುವ ಸೂಜಿ.
ಎಣ್ಣೆ ಚಿಮ್ಮುವ ಮೂಗಿಗೆ ಎಂಥ ತೂತು ಕೊರೆದೆನೆಂದರೆ
ಇದೆಯೆಂದು ನಂಬಬೇಕು, ಕಾಣದು.
ಉಸಿರು ತಾನಾಗಿ ನಿಂತಿತು. ಹಳೆಯ ಅಭ್ಯಾಸ.

ಕಾರ್ತೀಕದ ಒಂದು ಬೆಳಗ್ಗೆ, ನನ್ನ ಜಗಲಿಯ ಮೇಲೆ,
ಅಕ್ಕಸಾಲಿಯ ಊದುದೀಪ ಕಡ ತಂದು
ಮೂತಿಯ ಗುಂಡಿಗೆ ಕನಕಾಂಬರದ ಬಣ್ಣ ಬರುವತನಕ ಕಾಯಿಸಿದೆ.
ಸ್ಟೀರಿಂಗ್ ಕಿತ್ತು ಪಕ್ಕದ ಗಾಲಿಗೆ ಸಿಕ್ಕಿಸಿ
(ದೊಡ್ಡದಕ್ಕೂ ಹಾಗೇ, ಎಬ್ಬಿಸುವುದೂ ಅದೇ, ನಡೆಸುವುದೂ ಅದೇ)
ಎರಡು ಬೆರಳಲ್ಲಿ ತೂಗಿದೆ. ಆಚೆಗೆ, ಈಚೆಗೆ, ಆಚೆಗೆ.
ಏನಿಲ್ಲ.
ಏನಿಲ್ಲ.
ಆಮೇಲೆ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು:
ಡುಬ್. ತಡೆದು, ಡುಬ್. ಡುಬ್‌ಡುಬ್ ಡುಬ್.
ಎದುರುಮನೆಯ ಹುಡುಗಿ ರಂಗೋಲಿಯ ಅರ್ಧಕ್ಕೇ ಎದ್ದು ಬಂದಳು.
ಗೇರು ಹಾಕಿದೆ.
ಹೊರಟಿತು, ಹಿಂದಕ್ಕೆ.

ಹಿಂದಕ್ಕೇ, ರಾಜಾರೋಷವಾಗಿ, ಹೊಗೆಯುಂಗುರ ಬಿಡುತ್ತ
ನನ್ನ ಹೆಬ್ಬೆರಳಿಗೆ ಬಂದು ಗುದ್ದಿತು, ಸುಟ್ಟಿತು.
ಗಡಿಯಾರ ಹೀಗೆ ಮಾಡಿದ್ದರೆ ಫೋರ್ಮನ್ ಮೆಮೊ ಕೊಡುತ್ತಿದ್ದ.
ಸಾಬರು ಕಂಬ ಹಿಡಿದು ನಕ್ಕರು:
“ಇದರ ಜಾತಿಯೇ ಹಾಗೆ. ಬೆಂಕಿ ಎತ್ತ ಒದೆಯಿತೋ ಅತ್ತ ಸುತ್ತು.
ಇದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ.”
ಹಿಂದುಮುಂದಿಲ್ಲದವಳು: ಕೇರಿಯಲ್ಲಿ ನನಗೂ ಅದೇ ಹೆಸರು.
ಬೊಬ್ಬೆಗೆ ಬೆಣ್ಣೆ ಸವರಿಕೊಂಡೆ.

ಇವತ್ತು ಹಳೆಯ ಸೀರೆಯಲ್ಲಿ ಸುತ್ತಿ ಗಿರಣಿಗೆ ಒಯ್ದು
ದೊಡ್ಡದರ ಮುಂಚಕ್ರದ ನೆರಳಲ್ಲಿ ಇಟ್ಟೆ.
ಇಣಚಿ ಇಳಿದು ಬಂತು, ಮೂಸಿತು,
ಹೊಗೆಕೊಳವೆಯಲ್ಲಿ ಜಾಗ ಸಾಲದೆಂದು ಹೊರಟುಹೋಯಿತು.
ಪಂಚಾಕ್ಷರಯ್ಯ ಕುಕ್ಕರುಗಾಲಲ್ಲಿ ಕೂತು
ಉಗಿಯುವುದನ್ನೂ ಮರೆತು ಬಹಳ ಹೊತ್ತು ನೋಡಿದ.
“ರವಿಕೆ ಸರಿಯಾಗಿ ಕೂತಿತಾ?”
“ಸ್ವಲ್ಪ ಬಿಗಿ” ಅಂದೆ. “ಓಡಾಡ್ತಾ ಸಡಿಲಾಗುತ್ತೆ.”