ಮುಚ್ಚಳದ ಮೇಲೆ ಕೈ

ಚಿಲಿ ದೇಶದ ತಾಲ್ಕಾವಾನೊ ಬಂದರು.
ಗುಡ್ಡದ ಮೇಲಿನ ತಗಡುಗೋಡೆಯ ಮನೆಯಲ್ಲಿ
ಎದೆಲ್ಮಿರಾ ಪಾತ್ರೆಗೆ ಎಣ್ಣೆ ಹೊಯ್ಯುತ್ತಾಳೆ,
ತಳ ಮುಚ್ಚುವಷ್ಟು, ಒಂದು ಹನಿ ಹೆಚ್ಚಿಲ್ಲ.
ಮೊದಲು ಮೂರೇ ಕಾಳು.
ಮೂರೂ ಸಿಡಿದ ಮೇಲೆ ಉಳಿದ ಬೊಗಸೆ.
ಎಸರು ಬಂತೇ ಎಂದು ಮುಚ್ಚಳ ಸರಿಸಿ ಇಣುಕುವ ಅಡುಗೆಯಲ್ಲ ಇದು,
ಇಣುಕಿದರೆ ಮೂಗಿಗೇ ಹಾರುತ್ತದೆ.

ಈ ಊರಿನ ಮಾತಿನಲ್ಲಿ ಇದರ ಹೆಸರು ಮೇಕೆಮರಿ.
ಇಟ್ಟವರು ಯಾರೋ, ಒಲೆಯ ಮುಂದೆ ನಿಂತೇ ಇಟ್ಟಿರಬೇಕು:
ಹುಟ್ಟಿದ ಗಳಿಗೆಯಲ್ಲೇ ನಾಲ್ಕೂ ಕಾಲೆತ್ತಿ ನೆಗೆಯುವ
ಬಿಳಿಯ ಮರಿಗಳು, ದೊಡ್ಡಿ ಸಾಲದೆ
ಮುಚ್ಚಳಕ್ಕೆ ತಲೆ ಹಾಯುತ್ತವೆ.

ಮೊಮ್ಮಗ ಎಲಿಸೆಯೊ ಇವತ್ತು ಕಲಿಯಲು ಬಂದಿದ್ದಾನೆ.
ಅವನದು ಕಿವಿಯ ವಿದ್ಯೆ.
ಒಂದು ಸಿಡಿತಕ್ಕೂ ಇನ್ನೊಂದಕ್ಕೂ ನಡುವೆ
ಎರಡೆಣಿಸುವಷ್ಟು ಬಿಡುವು ಬಂದರೆ ಇಳಿಸಬೇಕಂತೆ,
ಶಾಲೆಯಲ್ಲಿ ಯಾರೋ ಹೇಳಿದ್ದು.
ಅಜ್ಜಿ ಅವನ ತುಟಿ ನೋಡಿ ನಗುತ್ತಾಳೆ.

ಇಪ್ಪತ್ತೆರಡು ವರ್ಷ ಮೀನಿನ ಕಾರ್ಖಾನೆಯಲ್ಲಿ
ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರದ ಪಕ್ಕ ನಿಂತವಳು.
ಮೊದಲು ಹೋದದ್ದು ಕಡಲಹಕ್ಕಿಗಳ ಕೂಗು,
ಆಮೇಲೆ ಫೋನು, ಬಾಗಿಲು, ಗಂಡನ ಗೊರಕೆ
(ಅದೊಂದು ಲಾಭ, ಎನ್ನುತ್ತಾಳೆ),
ಕಡೆಗೆ ತನ್ನದೇ ದನಿ.
ಅದಕ್ಕೇ ಹೀಗೆ: ಬಟ್ಟೆ ಮಡಿಸಿ ಮುಚ್ಚಳದ ಮೇಲಿಟ್ಟು
ಅದರ ಮೇಲೆ ಅಂಗೈ,
ನಾಡಿ ಹಿಡಿದವರ ಹಾಗೆ ಕಣ್ಣು ಮುಚ್ಚಿ.

ಅರಳು ಹುರಿದ ಹಾಗೆ ಮಾತಾಡುತ್ತಾನೆ ಹುಡುಗ,
ಪಾತ್ರೆಯೂ ಹಾಗೆಯೇ.
ಅವನ ಮಾತು ಅವಳನ್ನು ಮುಟ್ಟುವುದಿಲ್ಲ, ಅರಳಿನದು ಮುಟ್ಟುತ್ತದೆ.
ಅವನ ಕೈ ಎಳೆದು ತನ್ನ ಕೈಯ ಕೆಳಗಿಟ್ಟುಕೊಂಡಳು.
ಬಾಯಿ ಮುಚ್ಚು, ಎಂದಿತು ಹುಬ್ಬು.

ಮುಚ್ಚಿದ.
ಮೊದಲು ತಿಳಿದದ್ದು ಬರೀ ಬಿಸಿ,
ಆಮೇಲೆ ಗುದ್ದು,
ಇನ್ನೂ ಆಮೇಲೆ ಗುದ್ದುಗಳ ನಡುವಿನ ತೆರಪು,
ಬೆರಳಿಗೆ ಸಿಕ್ಕಿಯೂ ಸಿಗದಂತೆ.

ಆಗಲೇ ಅವಳು ಕಣ್ಣು ತೆರೆದದ್ದು.
ಎಡಗೈ ಗ್ಯಾಸ್ ಆರಿಸಿತು.
ಇನ್ನೂ ಅರ್ಧ ಹಾಗೇ ಇದೆಯಲ್ಲ ಅಜ್ಜೀ, ಎನ್ನುವಷ್ಟರಲ್ಲಿ
ಅವನು ಮೇಜಿನ ಕೆಳಗಿದ್ದ, ಅವಳ ತೋಳಿನಲ್ಲಿ.
ಗುದ್ದುಗಳ ಅಡಿಯಲ್ಲಿ ಇನ್ನೊಂದಿತ್ತು,
ಜೋಳದ್ದಲ್ಲ, ಪಾತ್ರೆಯದಲ್ಲ,
ಒಲೆಯ ಕಾಲು ಹಿಡಿದು ನೆಲದಿಂದ ಹತ್ತಿ ಬಂದದ್ದು.

ಆಮೇಲೆ ಬೀದಿಯ ನಾಯಿಗಳು ಬೊಗಳಿದವು.
ಆಮೇಲೆ ದೀಪ ತೂಗಿತು,
ಕಪಾಟಿನ ಲೋಟಗಳು ಒಂದಕ್ಕೊಂದು ಚಾಡಿ ಹೇಳಿದವು,
ತಗಡು ಹಲ್ಲು ಕಡಿಯಿತು.
ಅವಳ ತುಟಿ ಎಣಿಸುತ್ತಿತ್ತು: ಹನ್ನೊಂದು, ಹನ್ನೆರಡು.
ನಿಂತಿತು.
ಇಲ್ಲಿಯವರು ಲೆಕ್ಕಕ್ಕಿಡದಷ್ಟು ಸಣ್ಣ ನಡುಕ;
ನಾಳೆ ಬ್ರೆಡ್ ಅಂಗಡಿಯ ಸಾಲಿನಲ್ಲಿ ಒಂದು ಮಾತಿಗಾದೀತು.

ಇಬ್ಬರೂ ಇನ್ನೂ ಮಂಡಿ ಮಡಿಸಿ ಕೂತಿರುವಾಗ
ಮೇಲೆ, ಬೆಂಕಿಯಿಲ್ಲದ ಒಲೆಯ ಮೇಲಿನ ಪಾತ್ರೆಯಲ್ಲಿ
ಒಂದು ಕಾಳು ಸಿಡಿಯಿತು.
ಹುಡುಗ ಬೆಚ್ಚಿದ.
ಸಿಡಿದದ್ದು ಅವಳಿಗೆ ಕೇಳಲಿಲ್ಲ,
ಅವನು ಬೆಚ್ಚಿದ್ದು ತೋಳಿಗೆ ಕೇಳಿಸಿತು.
ಏನದು? ಎಂದಳು, ತನಗೆ ಕೇಳದ ದೊಡ್ಡ ದನಿಯಲ್ಲಿ.

ಅವನು ಬಾಯಿ ತೆರೆದು, ಮುಚ್ಚಿದ.
ಅವಳ ಅಂಗೈ ಬಿಡಿಸಿ ಬೆರಳಿನಿಂದ ಒಮ್ಮೆ ಕುಟ್ಟಿದ.
ಎರಡೆಣಿಸುವಷ್ಟು ಬಿಟ್ಟು
ಇನ್ನೊಮ್ಮೆ.

ಆಮೇಲೆ ಎದ್ದು, ದೂಳು ಕೊಡವಿ,
ಉಪ್ಪೋ ಸಕ್ಕರೆಯೋ ಎಂಬ ಹಳೆಯ ಜಗಳ.